ಮೂಗಿನ ಮುಂದೆ ಒಂದು ವರ್ಷ

ನನ್ನ ಅಕ್ಕನ ಗಂಡ ಮರಕ್ಕೆ ಪಾಲಿಶ್ ಹಾಕುವವರು. ನಾನು ಅದೇ ಅಂಗಡಿಯಲ್ಲಿ ಬಡಗಿ. ನಾನು ಕೊಯ್ದು ಕೂಡಿಸಿದ ಮೇಜನ್ನು ಅವರು ಹೊಳೆಯಿಸುತ್ತಿದ್ದರು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಹತ್ತಿ ಸುತ್ತಿದ ಬಟ್ಟೆಯುಂಡೆಯನ್ನು ಅದರಲ್ಲಿ ಅದ್ದಿ, ಮರದ ಮೇಲೆ ಸುತ್ತು ಸುತ್ತಾಗಿ ಕೈಯಾಡಿಸಿದರೆ ಮೂರನೆಯ ದಿನಕ್ಕೆ ಅದರಲ್ಲಿ ಗಿರಾಕಿಯ ಮುಖ ಕಾಣಬೇಕು. ಕಾಣುತ್ತಿತ್ತು. ಅದಕ್ಕೇ ಅಂಗಡಿಯಲ್ಲಿ ಎಲ್ಲರೂ ಅವರನ್ನು ಕನ್ನಡಿ ಮೇಸ್ತ್ರಿ ಅನ್ನುತ್ತಿದ್ದರು. ನನ್ನ ಕೆಲಸದ ಕುಂದುಕೊರತೆಯೆಲ್ಲ ಅವರ ಹೊಳಪಿನ ಕೆಳಗೆ ಮುಚ್ಚಿಹೋಗುತ್ತಿತ್ತು. ಅದಕ್ಕೆ ಬದಲಾಗಿ ಅವರ ಕುಡಿತವನ್ನು ನಾನು ಮುಚ್ಚಿಡುತ್ತಿದ್ದೆ. ಭಾವ-ಮೈದುನ ಅಂದಮೇಲೆ ಇಷ್ಟೂ ಬೇಡವೇ ಅಂದುಕೊಂಡಿದ್ದೆ.

ಮುಚ್ಚಿಡುವುದರಲ್ಲಿ ನಾನು ಪಳಗಿದ ಕೈ. ಅಕ್ಕ ಫೋನು ಮಾಡಿದರೆ ಭಾವನಿಗೆ ಜ್ವರ ಅಂದಿದ್ದೇನೆ. ಬಸ್ಸು ಕೆಟ್ಟಿತು ಅಂದಿದ್ದೇನೆ. ಗರಗಸದ ಮೆಷಿನ್ ನಡೆಸುವವನ ತಾಯಿ ತೀರಿಕೊಂಡರು, ಮಣ್ಣಿಗೆ ಹೋಗಿದ್ದಾರೆ ಅಂತ ಎರಡು ಬೇರೆ ಬೇರೆ ವರ್ಷ ಹೇಳಿದ್ದೇನೆ. ಆ ತಾಯಿ ಈಗಲೂ ಗಟ್ಟಿಮುಟ್ಟಾಗಿದ್ದಾಳೆ, ಮೊನ್ನೆ ಸಿಕ್ಕಾಗ ನನ್ನನ್ನೇ "ಯಾಕಪ್ಪ ಸೊರಗಿದ್ದೀಯ" ಅಂತ ಕೇಳಿದಳು.

ಇದೆಲ್ಲ ಕೈಮೀರಿದ್ದು ಅಕ್ಕನ ಮಗಳು ಹೆತ್ತ ಮರುದಿನ. ಮೊಮ್ಮಗನನ್ನು ನೋಡಲು ಭಾವ ಬೆಳಿಗ್ಗೆ ಹನ್ನೊಂದಕ್ಕೇ ಕಂಠಪೂರ್ತಿ ಕುಡಿದು ಆಸ್ಪತ್ರೆಗೆ ಬಂದರು. ಯಾರು ಬೇಡ ಅಂದರೂ ಕೇಳದೆ ತೊಟ್ಟಿಲಿಗೆ ಕೈ ಹಾಕಿ ಮಗುವನ್ನು ಎತ್ತಿಕೊಂಡರು. ಎರಡು ಹೆಜ್ಜೆ ಇಟ್ಟು ಮಂಚದ ಕಾಲಿಗೆ ಎಡವಿದರು. ಪಕ್ಕದಲ್ಲಿದ್ದ ನರ್ಸ್ ಹಾರಿ ಮಗುವನ್ನು ಹಿಡಿದಳು. ಮಗುವಿಗೆ ಏನೂ ಆಗಲಿಲ್ಲ. ಭಾವನ ಹಣೆ ಒಡೆದು ನೆಲದ ಮೇಲೆ ರಕ್ತ ಬಿತ್ತು, ಅತ್ತ ಯಾರೂ ತಿರುಗಿ ನೋಡಲಿಲ್ಲ.

ಮಗಳು ಅಳಲಿಲ್ಲ. ಮಲಗಿದ್ದಲ್ಲಿಂದಲೇ ಹೇಳಿದಳು: "ಒಂದು ವರ್ಷ ಅಪ್ಪ. ಪೂರ್ತಿ ಒಂದು ವರ್ಷ ಮುಟ್ಟಬಾರದು. ಒಂದೇ ದಿನ ತಪ್ಪಿದ್ರೂ ಮತ್ತೆ ಮೊದಲಿಂದ. ವರ್ಷ ತುಂಬಿದ ದಿನ ನಾನೇ ಮಗೂನ ಕರ್ಕೊಂಡು ಬಂದು ನಿಮ್ಮ ಕೈಗೆ ಕೊಡ್ತೀನಿ. ಅಲ್ಲೀವರೆಗೂ ನಮ್ಮ ಮನೆ ಬಾಗಿಲಿಗೆ ಬರಬೇಡಿ."

ಭಾವ ವ್ಯಸನಮುಕ್ತಿ ಕೇಂದ್ರಕ್ಕೆ ತಾವೇ ನಡೆದುಕೊಂಡು ಹೋಗಿ ಸೇರಿದರು. ಒಂದೂವರೆ ತಿಂಗಳು ಅಲ್ಲಿದ್ದರು. ಅಲ್ಲೊಬ್ಬ ಸಮಾಲೋಚಕಿ, ಎಲ್ಲರೂ ಮೇಡಂ ಅನ್ನುತ್ತಿದ್ದರು. ಸಣ್ಣ ಆಳು, ದೊಡ್ಡ ದನಿ. "ಮಾತ್ರೆ ಕೊಟ್ರೆ ಲಿವರ್ ವಾಸಿ ಆಗಬಹುದು, ಮನುಷ್ಯ ವಾಸಿ ಆಗಲ್ಲ" ಅನ್ನುವುದು ಅವರ ಮಾತು. ನಿದ್ದೆ ಹೇಗೆ, ಊಟ ಹೇಗೆ, ಕೋಪ ಯಾರ ಮೇಲೆ, ಸಂಜೆ ಐದಕ್ಕೆ ಕಾಲು ಯಾವ ಕಡೆ ಎಳೆಯುತ್ತೆ, ಎಲ್ಲ ಕೇಳಿದರು. ಸ್ಪಿರಿಟ್ ಮುಟ್ಟುವ ಕೆಲಸ ಸ್ವಲ್ಪ ಕಾಲ ಬೇಡ ಅಂದರು. ಹಾಗಾಗಿ ವಾಪಸ್ ಬಂದ ಮೇಲೆ ಕನ್ನಡಿ ಮೇಸ್ತ್ರಿ ಅಂಗಡಿಯ ಮೂಲೆಯಲ್ಲಿ ಕೂತು ಉಪ್ಪುಕಾಗದದಿಂದ ಮರ ಉಜ್ಜತೊಡಗಿದರು. ಹೊಸದಾಗಿ ಸೇರಿದವರು ಮಾಡುವ ಕೆಲಸ ಅದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ದಿನವಿಡೀ ಉಜ್ಜಿದರು, ಒಂದು ದಿನವೂ ಮುಖ ಗಂಟು ಹಾಕಲಿಲ್ಲ.

ಮೇಡಂ ಇನ್ನೊಂದು ಹೇಳಿದ್ದರು. ಪ್ರತಿ ಬುಧವಾರ ಮನೆಯವರೂ ಬರಬೇಕು, ಅವರಿಗೂ ಕಲಿಯೋದಿದೆ ಅಂತ. ಅಕ್ಕ ಒಂದೇ ಒಂದು ಸಲ ಹೋದಳು. ಬಂದವಳು ಚೀಲ ಬಿಸಾಡಿ, "ಕುಡಿದೋರು ಅವರು, ಪಾಠ ನನಗಾ?" ಅಂದಳು. ಆಮೇಲೆ ಅತ್ತ ತಲೆ ಹಾಕಲಿಲ್ಲ.

ಅಕ್ಕನಿಗೆ ತನ್ನದೇ ಪಾಠ ಇತ್ತು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಚೆಕ್ಕರ್. ದಿನಕ್ಕೆ ನೂರಾರು ಅಂಗಿಗಳನ್ನು ಬೆಳಕಿಗೆ ಹಿಡಿದು ಪಾಸು ಅಥವಾ ರಿಜೆಕ್ಟ್ ಮಾಡುವವಳು. ಕಟ್ಟಿನಲ್ಲಿ ಒಂದೇ ಒಂದು ಅಂಗಿಯ ನೂಲು ಸಡಿಲವಾಗಿದ್ದರೂ ಇಡೀ ಕಟ್ಟು ವಾಪಸ್ಸು. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿ ಅವಳ ಕಣ್ಣಿಗೆ ಪ್ರಪಂಚದಲ್ಲಿ ಇರುವುದು ಎರಡೇ ಜಾತಿಯ ಪದಾರ್ಥ. ಕಾರ್ಖಾನೆಯಿಂದ ಚೆಕಿಂಗ್ ಕಾರ್ಡೊಂದನ್ನು ತಂದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಮುನ್ನೂರ ಅರವತ್ತೈದು ಮನೆ ಬರುವ ಹಾಗೆ ಗೆರೆ ಎಳೆದಳು. ದಿನಕ್ಕೊಂದು ಸಹಿ.

ಪರೀಕ್ಷೆ ಮಾಡುವುದು ಭಾವನ ತಾಯಿಯ ಪಾಲಿಗೆ ಬಂತು. ನಾವೆಲ್ಲ ಅವರನ್ನು ಅಜ್ಜಿ ಅನ್ನುತ್ತೇವೆ. ಅಜ್ಜಿಯ ಗಂಡನೂ ಕುಡಿದೇ ಸತ್ತವರು. ನಲವತ್ತು ವರ್ಷ ಗಂಡನ ಬಾಯಿ ಮೂಸಿ ಒಳಗೆ ಬಿಟ್ಟುಕೊಂಡ ಮೂಗು ಅದು. ಯಾವ ಸರಕು, ಎಷ್ಟು ಹೊತ್ತಿನ ಹಿಂದೆ, ಸ್ವಂತ ದುಡ್ಡಿಂದೋ ಬಿಟ್ಟಿಯೋ ಎಂಬುದನ್ನೂ ಹೇಳಬಲ್ಲರು ಎಂದು ನೆಂಟರಲ್ಲೆಲ್ಲ ಪ್ರತೀತಿ.

ಸಂಜೆ ಆರೂವರೆಗೆ ಭಾವ ಬರುವರು. ಚಪ್ಪಲಿ ಬಿಡುವ ಹಾಗಿಲ್ಲ. ಹೊಸ್ತಿಲ ಆಚೆ ನಿಂತು ಬಗ್ಗಬೇಕು. ಒಳಗೆ ಕುರ್ಚಿಯಲ್ಲಿ ಕೂತ ಅಜ್ಜಿ ಮಗನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, "ಊದು" ಅನ್ನುವರು. ಐವತ್ತೆರಡು ವರ್ಷದ ಗಂಡಸು ಹಾ ಎಂದು ಊದುವರು. ಅಜ್ಜಿ ಕಣ್ಣು ಮುಚ್ಚಿ ಉಸಿರೆಳೆದು, ತಡೆದು, "ಇಲ್ಲ" ಅಂದರೆ ಅಕ್ಕ ಸಹಿ ಹಾಕುವಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬರಬಹುದು. ಎದುರುಮನೆಯವರು ಆ ಹೊತ್ತಿಗೆ ಸರಿಯಾಗಿ ಗಿಡಕ್ಕೆ ನೀರು ಹಾಕಲು ಹೊರಗೆ ಬರುತ್ತಿದ್ದರು.

ಇದನ್ನು ಕೇಳಿ ಮೇಡಂ ಕೆಂಡವಾದರು. "ಅವರಿಗೆ ಮನೆ ಬೇಕು. ಚೆಕ್‌ಪೋಸ್ಟ್ ಬೇಡ" ಅಂತ ನನಗೆ ಬೈದರು. ಬುಧವಾರ ಮನೆಯವರ ಲೆಕ್ಕದಲ್ಲಿ ಹೋಗುತ್ತಿದ್ದವನು ನಾನೊಬ್ಬನೇ. ಅದೇ ದಿನ ಅವರು ಭಾವನನ್ನು ಕೇಳಿದರು, ಏನಕ್ಕೋಸ್ಕರ ಬಿಟ್ಟಿದ್ದೀರಿ ಅಂತ.

"ಮೊಮ್ಮಗನಿಗೆ."

"ನಿಮಗೋಸ್ಕರ ಅಂತ ಒಂದಾದ್ರೂ ಕಾರಣ ಬೇಡ್ವಾ? ನಾಳೆ ಮಗಳು ಬರಲೇ ಇಲ್ಲ ಅಂದ್ರೆ?"

"ನನಗೋಸ್ಕರ ಅಂದ್ರೆ ಯಾರಿಗೆ ಮೇಡಂ?"

ಸುತ್ತ ಕೂತವರೆಲ್ಲ ನಕ್ಕರು. ಮೇಡಂ ನಗಲಿಲ್ಲ. ವಾರಕ್ಕೆ ಒಂದಾದರೂ ವಿಷಯ ಹುಡುಕಿಕೊಂಡು ಬನ್ನಿ, ನಿಮಗೆ ಮಾತ್ರ ಇಷ್ಟ ಆಗಬೇಕು, ಬೇರೆ ಯಾರೂ ಸಹಿ ಹಾಕೋ ಹಾಗಿರಬಾರದು ಅಂದರು. ಎರಡು ತಿಂಗಳು ಭಾವ ಬರಿಗೈಯಲ್ಲಿ ಹೋದರು. ಮೂರನೆಯ ತಿಂಗಳು ನಾಚಿಕೊಂಡು ಹೇಳಿದರು: "ಬೆಳಿಗ್ಗೆ ಎದ್ದಾಗ ಬಾಯಿ ಕಹಿ ಇರಲ್ಲ ಮೇಡಂ. ಅದು ಇಷ್ಟ." ಮೇಡಂ ಎದ್ದು ಬಂದು ಅವರ ಕೈ ಕುಲುಕಿದರು.

ಮುನ್ನೂರ ನಲವತ್ತೊಂದನೆಯ ದಿನ. ಅಂಗಡಿಯಲ್ಲಿ ಅಟ್ಟದ ಮೇಲಿನ ಹಲಗೆ ಎಳೆಯಲು ಹೋದ ನನ್ನ ಮೊಣಕೈ ತಗುಲಿ ಸ್ಪಿರಿಟ್ ಡಬ್ಬ ಉರುಳಿತು. ಕೆಳಗೆ ಭಾವ ಕೂತಿದ್ದರು. ತಲೆಯಿಂದ ಸೊಂಟದವರೆಗೆ ತೊಯ್ದುಹೋದರು. ನಲ್ಲಿಯ ಕೆಳಗೆ ಕೂರಿಸಿ ಸೋಪು ತಿಕ್ಕಿ ತಿಕ್ಕಿ ತೊಳೆದೆ. ನನ್ನದೇ ಇನ್ನೊಂದು ಅಂಗಿ ಹಾಕಿದೆ. ವಾಸನೆ ಜಗ್ಗಲಿಲ್ಲ. ಭಾವ ಮುಖ ಬಿಳುಚಿಕೊಂಡು, "ಇವತ್ತು ಮನೆಗೇ ಹೋಗಲ್ಲ ಕಣೋ" ಅಂದರು. ಹೋಗದಿದ್ದರೆ ಅದೂ ರಿಜೆಕ್ಟ್. "ನಾನಿದ್ದೀನಲ್ಲ, ನಡೀರಿ, ನಾನೇ ಹೇಳ್ತೀನಿ" ಅಂತ ಕೈ ಹಿಡಿದು ಕರೆದುಕೊಂಡು ಹೋದೆ. ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆ ಇದೆ ಅಂದುಕೊಂಡಿದ್ದೆ, ನಾನು ಅಷ್ಟು ದೊಡ್ಡ ಮುಠ್ಠಾಳ.

ಭಾವ ಹೊಸ್ತಿಲ ಮುಂದೆ ಬಗ್ಗಿದಾಗ ಕಣ್ಣು ನೆಲದಲ್ಲಿತ್ತು. ಅಜ್ಜಿ ದಿಟ್ಟಿಸಿದರು. ಉಸಿರೆಳೆದರು. "ಇದೆ" ಅಂದರು.

"ಅಕ್ಕಾ, ಅದು ಪಾಲಿಶ್ ಸ್ಪಿರಿಟ್ ಕಣೇ. ನನ್ನ ಕೈತಪ್ಪಿ ಬಿತ್ತು. ನನ್ನಾಣೆ!"

ಅಜ್ಜಿ ತಲೆಯಾಡಿಸಿದರು. "ನಿಮಗೆಲ್ಲ ಎರಡೂ ಒಂದೇ ವಾಸನೆ. ನನಗೆ ಬೇರೆ ಬೇರೆ ಗೊತ್ತಾಗುತ್ತೆ. ಇದು ಕುಡಿದಿದ್ದೇ."

ಅಕ್ಕ ನನ್ನ ಕಡೆ ತಿರುಗಿದಳು. "ಜ್ವರ ಅಂದಿದ್ದೆ ನೀನು. ಬಸ್ಸು ಅಂದಿದ್ದೆ. ಆ ಗರಗಸದವನ ತಾಯಿನ ಎಷ್ಟು ಸಲ ಹೂತಿದ್ದೀಯ? ಇವತ್ತು ಡಬ್ಬ ಬಿತ್ತಾ?" ಅಂದು, ಹೋಗಿ ಕಾರ್ಡನ್ನು ಕಿತ್ತು ನಾಲ್ಕು ಚೂರು ಮಾಡಿದಳು. ಮಗಳಿಗೆ ಅಲ್ಲೇ ಫೋನು ಮಾಡಿದಳು. ಭಾವ ಚಪ್ಪಲಿ ಕಾಲಲ್ಲೇ ಗೋಡೆಗೊರಗಿ ಮೆಟ್ಟಿಲ ಮೇಲೆ ಕೂತರು. ಮರುದಿನ ಹೊಸ ಕಾರ್ಡು ಬಂತು, ಒಂದರಿಂದ.

ಅಷ್ಟಾದರೂ ಅವರು ಕುಡಿಯಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. "ಅವರ ಕಾರ್ಡು ಹರಿದಿರಬಹುದು, ನಿಮ್ಮ ದಿನಗಳು ಎಲ್ಲೂ ಹೋಗಿಲ್ಲ" ಅಂತ ಮೇಡಂ ಧೈರ್ಯ ಹೇಳಿದರು. ಅರವತ್ತೆರಡು ದಿನ ಹಲ್ಲು ಕಚ್ಚಿಕೊಂಡು ಇದ್ದರು. ಪಾಲಿಶಿನ ಇನ್ನೊಬ್ಬ ಕೆಲಸಗಾರ ಬಿಟ್ಟುಹೋದಾಗ ಯಜಮಾನರು ಕರೆದು, "ಮೇಸ್ತ್ರಿ, ನೀವೇ ಮಾಡಿ" ಅಂದರು. ಭಾವ ಹೂಂ ಅಂದರು. ಹೇಗೂ ನಾರುವವನು ನಾನು, ಇನ್ನೇನು ಅಂದರು ನನಗೆ. ಅಂದಿನಿಂದ ಅವರ ಮೈಗೆ, ಬಟ್ಟೆಗೆ, ಮನೆಯ ಗೋಡೆಗೆ ಸ್ಪಿರಿಟ್ ವಾಸನೆ ಹತ್ತಿತು. ಅಕ್ಕ ತನ್ನ ಮೂಗಿನ ಮೇಲಿನ ನಂಬಿಕೆ ಬಿಟ್ಟೇಬಿಟ್ಟಳು. ಅಜ್ಜಿ ಹೇಳಿದ್ದೇ ಕೊನೆ.

ಅರವತ್ತಮೂರನೆಯ ದಿನ ಮಧ್ಯಾಹ್ನ ಭಾವ ಮರದ ಡಿಪೋ ಹಿಂದೆ ಹೋಗಿ ಒಂದು ಕ್ವಾರ್ಟರ್ ಕುಡಿದರು. ಯಾಕೆ ಅಂತ ನನಗೆ ಗೊತ್ತಿಲ್ಲ. ವಿಶೇಷವಾಗಿ ಏನೂ ಆಗಿರಲಿಲ್ಲ. ಇನ್ನು ಎಲ್ಲ ಮುಗಿಯಿತು, ಹೊರಗೆ ಹಾಕಿದರೆ ಹಾಕಲಿ ಅಂತ ಭಂಡಧೈರ್ಯದಲ್ಲಿ, ತಲೆ ಎತ್ತಿ, ನಗುತ್ತಾ ಮನೆಗೆ ಹೋದರಂತೆ. ಹಾ ಎಂದು ಜೋರಾಗಿಯೇ ಊದಿದರಂತೆ.

"ಏನಂದ್ರು?" ಅಂದೆ ಮರುದಿನ.

"ಇಲ್ಲ ಅಂದಳು ನಮ್ಮಮ್ಮ," ಅಂದರು ಭಾವ. ನಗುತ್ತಲೇ ಕಣ್ಣಲ್ಲಿ ನೀರು ತಂದುಕೊಂಡರು. "ಕುಡೀದೇ ಇದ್ದಾಗ ಇದೆ ಅಂದಳು. ಕುಡಿದು ಹೋದ್ರೆ ಇಲ್ಲ ಅಂತಾಳೆ. ನಗ್ತಾ ಹೋಗಬೇಕು ಕಣೋ, ಅಷ್ಟೇ. ನಗ್ತಾ ಹೋದ್ರೆ ಪಾಸು."

ಅಲ್ಲಿಂದ ಅವರು ದಿನವೂ ಕುಡಿದರು, ದಿನವೂ ನಗುತ್ತಾ ಹೋದರು, ದಿನವೂ ಪಾಸಾದರು. ಬುಧವಾರ ಕೇಂದ್ರಕ್ಕೆ ಹೋಗುವುದು ನಿಂತಿತು. ಮೇಡಂ ನನಗೆ ಫೋನು ಮಾಡಿದರು. "ಜ್ವರ ಮೇಡಂ" ಅಂದೆ. ನನ್ನ ನಾಲಿಗೆಗೆ ಹುಳ ಬೀಳಲಿ.

ಒಂದು ಭಾನುವಾರ ಬೆಳಿಗ್ಗೆ ನಾನು ಅಕ್ಕನ ಮನೆಗೆ ಹೋದಾಗ ಅಕ್ಕ ತರಕಾರಿಗೆ ಹೋಗಿದ್ದಳು. ಅಜ್ಜಿ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಬೀನ್ಸ್ ಮುರಿಯುತ್ತಿದ್ದರು. ಬಾಗಿಲಲ್ಲೇ ನನಗೆ ಹಾಲು ಸೀದ ವಾಸನೆ ಗಪ್ಪೆಂದು ಹೊಡೆಯಿತು. ಅಜ್ಜಿಯಿಂದ ಮೊಳ ದೂರದಲ್ಲಿ ಪಾತ್ರೆ ತಳ ಹಿಡಿದು ಕಪ್ಪಾಗಿತ್ತು. ಅವರು ನಿಶ್ಚಿಂತೆಯಾಗಿ ನಾರು ಬಿಡಿಸುತ್ತಾ, "ಬಾಪ್ಪಾ, ಹಾಲಿಟ್ಟಿದ್ದೀನಿ, ಕಾಫಿ ಕುಡಿದು ಹೋಗು" ಅಂದರು.

ಒಲೆ ಆರಿಸಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಅಜ್ಜಿ, ನಿಮಗೆ ವಾಸನೆ ಬರಲ್ಲ."

ಮೊದಲು ರೇಗಿದರು. ಆಮೇಲೆ ಕೈಯಲ್ಲಿದ್ದ ಬೀನ್ಸ್ ಕೆಳಗಿಟ್ಟರು. "ಆ ದೊಡ್ಡ ಜ್ವರ ಬಂದಾಗಿಂದ ಇಲ್ಲ. ಒಂಬತ್ತು ವರ್ಷ ಆಯ್ತು."

"ಮತ್ತೆ ದಿನಾ ಏನು ಮೂಸ್ತೀರಾ?"

"ಮುಖ ನೋಡಿದ್ರೆ ಗೊತ್ತಾಗುತ್ತಪ್ಪ. ಕುಡಿದ ಗಂಡಸು ಹೊಸ್ತಿಲಲ್ಲಿ ತಲೆ ತಗ್ಗಿಸ್ತಾನೆ. ನಲವತ್ತು ವರ್ಷ ನೋಡಿದ್ದೀನಿ, ನನಗೆ ಮೂಗು ಯಾಕೆ?" ಅಂದವರು ನನ್ನ ಮುಂಗೈ ಹಿಡಿದುಕೊಂಡರು. "ನಿಮ್ಮಕ್ಕನಿಗೆ ಹೇಳ್ಬೇಡ ಕಣಪ್ಪ. ಈ ಮನೇಲಿ ಬೇರೆ ಯಾವುದಕ್ಕೂ ನನ್ನ ಕೇಳೋರಿಲ್ಲ."

ಆಗಲೇ ಹೇಳಬೇಕಿತ್ತು. ಬಾಗಿಲ ಮೇಲಿನ ಕಾರ್ಡು ನೋಡಿದೆ, ಮುನ್ನೂರು ದಾಟಿತ್ತು. ಹೇಳಿದರೆ ಮೂಗು ಹೋಗುತ್ತೆ, ಮೂಗಿನ ಜೊತೆ ಕಾರ್ಡು ಹೋಗುತ್ತೆ, ಕಾರ್ಡಿನ ಜೊತೆ ಮಗಳು. ಮಗು ಒಂದು ಸಲ ಅವರ ಕೈಗೆ ಬಂದುಬಿಡಲಿ, ಆಮೇಲೆ ಭಾವ ತಾವಾಗಿ ಬಿಡುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಪಾತ್ರೆ ತಿಕ್ಕಿಟ್ಟು ಬಂದೆ.

ಅಷ್ಟರಲ್ಲಿ ಕ್ವಾರ್ಟರ್ ಎರಡಾಗಿತ್ತು. ಭಾವನ ಕಣ್ಣು ಹಳದಿಗೆ ತಿರುಗಿತ್ತು, ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಪಾಲಿಶಿನ ಗಾಳಿ ಕುಡಿದು ಹೀಗಾಗಿದೆ ಅಂತ ಅಕ್ಕ ಮಜ್ಜಿಗೆ ಮಾಡಿಕೊಡುತ್ತಿದ್ದಳು. ಹತ್ತು ವರ್ಷದಲ್ಲಿ ಅವಳು ಗಂಡನಿಗೆ ಅಷ್ಟು ಪ್ರೀತಿಯಿಂದ ಏನನ್ನೂ ಕೊಟ್ಟದ್ದನ್ನು ನಾನು ನೋಡಿರಲಿಲ್ಲ.

ಮುನ್ನೂರ ಅರವತ್ತೈದನೆಯ ಸಹಿ ಬಿದ್ದ ಮರುದಿನ ಮಗಳು ಬಂದಳು. ಎರಡು ವರ್ಷದ ಮೊಮ್ಮಗ ಅವಳ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದ. ಭಾವ ಆ ದಿನ ಮುಟ್ಟಬಾರದು ಅಂತ ಬೆಳಗಿನಿಂದ ತಡೆದಿದ್ದರು. ಹನ್ನೊಂದರ ಹೊತ್ತಿಗೆ ಕೈ ಎಷ್ಟು ನಡುಗಿತೆಂದರೆ ನೀರಿನ ಲೋಟ ಬಾಯಿಗೆ ಮುಟ್ಟಲಿಲ್ಲ. ಈ ಕೈಯಲ್ಲಿ ಮಗು ಹೇಗೆ ಹಿಡೀಲಿ ಅಂದರು ನನಗೆ. ಕೈ ನಿಲ್ಲಲಿ ಅಂತ ಹಿಂದಿನ ಓಣಿಗೆ ಹೋಗಿ ಕುಡಿದು ಬಂದರು.

"ಏನಮ್ಮ ಇಷ್ಟು ವಾಸನೆ?" ಅಂದಳು ಮಗಳು ಒಳಗೆ ಬರುತ್ತಲೇ.

"ಪಾಲಿಶಿಂದು ಕಣೇ. ನಮ್ಮ ಗೋಡೆಗೂ ಹತ್ಕೊಂಡಿದೆ" ಅಂದಳು ಅಕ್ಕ, ಹಿಗ್ಗಿನಿಂದ. ಕಾರ್ಡನ್ನು ತಂದು ಮಗಳ ಕೈಗಿಟ್ಟಳು. ಮಗಳು ಒಂದೊಂದು ಸಾಲನ್ನೂ ಬೆರಳಿಟ್ಟು ನೋಡಿದಳು. ಮಗನನ್ನು ಎತ್ತಿ ಅಪ್ಪನ ಮುಂದೆ ಹಿಡಿದಳು. "ತಗೊಳ್ಳಿ ಅಪ್ಪ. ಹೇಳಿದ್ದೆ ತಾನೆ, ನಾನೇ ಕೊಡ್ತೀನಿ ಅಂತ. ತಪ್ಪಾಯ್ತು, ತುಂಬಾ ನೋಯಿಸಿದೆ ನಿಮ್ಮನ್ನ."

ಮಗುವೂ ಎರಡು ಕೈ ಚಾಚಿತು. ಭಾವ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯವರೆಗೆ ಸರಿದರು.

"ಬೇಡಮ್ಮ. ಕೊಡಬೇಡ. ನಾನು ಕುಡಿದಿದ್ದೀನಿ. ಈಗಲೂ ಕುಡಿದೇ ನಿಂತಿದ್ದೀನಿ. ಹತ್ತು ತಿಂಗಳಿಂದ ಕುಡೀತಿದ್ದೀನಿ. ಮಗೂನ ನನ್ನ ಕೈಗೆ ಕೊಡಬೇಡ."

ಅಕ್ಕ ನಕ್ಕಳು. ನಿಜವಾಗಿಯೂ ನಕ್ಕಳು. "ನಾಚಿಕೆ ಕಣೇ ಅವರಿಗೆ. ಏನೇನೋ ಬಡಬಡಿಸ್ತಾರೆ. ಅತ್ತೆ, ನೀವೇ ನೋಡಿ ಹೇಳಿ."

ಅಜ್ಜಿ ಎದ್ದು ಬಂದು ಮಗನ ಮುಂದೆ ನಿಂತು ಮುಖ ದಿಟ್ಟಿಸಿದರು. ಭಾವನ ತಲೆ ನೆಟ್ಟಗಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಆ ಮುಖದಲ್ಲಿ ಹೆದರಿಕೆ ಇರಲಿಲ್ಲ, ಕಳ್ಳನಗುವೂ ಇರಲಿಲ್ಲ. ಅಜ್ಜಿ ಹೇಳುವ ಮೊದಲೇ ಊದಿದರು. ಆರಡಿ ದೂರದಲ್ಲಿದ್ದ ನನಗೆ ಅದು ಬಡಿಯಿತು.

"ಇಲ್ಲ," ಅಂದರು ಅಜ್ಜಿ. "ನನ್ನ ಮಗ ಮುಟ್ಟಿಲ್ಲ."

"ಅಕ್ಕಾ, ಭಾವ ಹೇಳ್ತಿರೋದು ನಿಜ" ಅಂದೆ.

"ನೀನು ಬಾಯಿ ಮುಚ್ಚು. ಕುಡಿದಾಗ ಕುಡಿದಿಲ್ಲ ಅಂತಿದ್ದೆ. ಈಗ ಕುಡೀದೇ ಇದ್ದಾಗ ಕುಡಿದಿದ್ದಾರೆ ಅಂತೀಯ. ನಮ್ಮನೆ ನೆಟ್ಟಗಾದ್ರೆ ನಿನ್ನ ಗಂಟೇನು ಹೋಗುತ್ತೆ?"

ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಅಜ್ಜಿಗೆ ವಾಸನೆ ಬರಲ್ಲ ಅನ್ನುವ ಮೂರೇ ಶಬ್ದದ ಮಾತು, ನಾಲಿಗೆ ತುದಿಯಲ್ಲೇ ಇತ್ತು. ಎಂಬತ್ತು ವರ್ಷದ ಮುದುಕಿಯನ್ನು ಎಲ್ಲರ ಮುಂದೆ ಸುಳ್ಳಿ ಅನ್ನುವ ಧೈರ್ಯ ನನಗೆ ಬರಲಿಲ್ಲ.

ಮಗಳು ಮಗುವನ್ನು ಎದೆಗೆ ಎಳೆದುಕೊಂಡಿದ್ದಳು. ಅವಳ ಮುಖ ಆಸ್ಪತ್ರೆಯ ದಿನಕ್ಕಿಂತ ಗಟ್ಟಿಯಾಗಿತ್ತು.

"ಎತ್ಕೊಳ್ಳೋಕೆ ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ ಅನ್ನಿ ಅಪ್ಪ. ಎರಡು ವರ್ಷ ದೂರ ಇಟ್ಟೆ ಅಂತ ಸೇಡು ತೀರಿಸ್ಕೊಳ್ತಿದ್ದೀರಾ? ತೀರಿಸ್ಕೊಳ್ಳಿ. ಅದಕ್ಕೆ ಕುಡಿದಿದ್ದೀನಿ ಅಂತ ಯಾಕೆ ಸುಳ್ಳು ಹೇಳ್ತೀರಾ? ಕುಡೀತಿದ್ದಾಗಲೇ ನೀವು ವಾಸಿ ಇದ್ರಿ. ಮಗು ಬೇಕು ಅಂತ ಆಸೆಯಾದ್ರೂ ಇತ್ತು."

ಅವಳು ಹಾಕಿಕೊಂಡ ಚಪ್ಪಲಿಯ ಪಟ್ಟಿಯನ್ನೂ ಬಿಗಿಯದೆ ಮೆಟ್ಟಿಲಿಳಿದು ಹೋದಳು. ಮಗು ಅವಳ ಹೆಗಲ ಮೇಲಿನಿಂದ ನಮ್ಮನ್ನೇ ನೋಡುತ್ತಿತ್ತು. ಭಾವ ಹಿಂದೆ ಕಟ್ಟಿದ ಕೈಗಳನ್ನು ಬಿಡಿಸಲೇ ಇಲ್ಲ.

"ನೋಡಿದ್ಯಾ, ಎಂಥಾ ಹಟ," ಅಂದಳು ಅಕ್ಕ ನನಗೆ. "ಇರಲಿ, ನಾಲ್ಕು ದಿನ ಬಿಟ್ಟು ಸರಿಹೋಗ್ತಾರೆ. ಕುಡಿತ ಬಿಟ್ಟರಲ್ಲ, ಅಷ್ಟು ಸಾಕು ನನಗೆ." ಕಾರ್ಖಾನೆಯಿಂದ ಹೊಸ ಕಾರ್ಡು ತಂದಿಟ್ಟಿದ್ದಳು. ಗಂಡನನ್ನು ದಾಟಿಕೊಂಡು ಅಡುಗೆಮನೆಗೆ ಹೋಗಿ, ಅದನ್ನು ಬಾಗಿಲಿಗೆ ಅಂಟಿಸಿ, ಮೊದಲನೆಯ ಮನೆಯಲ್ಲಿ ಸಹಿ ಹಾಕಿದಳು.